ಹಲ್ಮಿಡಿ ಶಾಸನದ ಸೆಮಿನಾರ್: 28 ಸ್ಲೈಡ್, 15 ನಿಮಿಷ. ಏನು ಬಿಡಲಿ?

ಬೇಲೂರು ಕಡೆಯವಳು:
ಎಲ್ಲರಿಗೂ ನಮಸ್ಕಾರ. ಎಂಎ ಇತಿಹಾಸ, ಮೊದಲ ವರ್ಷ. ಬರುವ ಗುರುವಾರ ಹಲ್ಮಿಡಿ ಶಾಸನದ ಮೇಲೆ ಸೆಮಿನಾರ್ ಕೊಡಬೇಕು. 15 ನಿಮಿಷ ಮಾತು, 5 ನಿಮಿಷ ಪ್ರಶ್ನೆ. ಕದಂಬರ ವಂಶಾವಳಿಗೇ 9 ಸ್ಲೈಡ್ ಹೋಗಿವೆ. ನಿನ್ನೆ ಹಾಸ್ಟೆಲ್ ರೂಮಿನಲ್ಲಿ ಟೈಮ್ ಇಟ್ಟು ನೋಡಿದೆ, 24 ನಿಮಿಷ ಆಯ್ತು. ಶಾಸನದ ವಿಷಯಕ್ಕೆ ಬಂದಿದ್ದೇ 16ನೇ ನಿಮಿಷದಲ್ಲಿ. ಹಾಳೆ ನೋಡಿ ಓದಿದರೆ ಮೇಷ್ಟ್ರಿಗೆ ಇಷ್ಟ ಆಗಲ್ಲ, ನೋಡದೆ ನಿಂತರೆ ಬಾಯಿ ಒಣಗುತ್ತದೆ. "ಕ್ರಿ.ಶ. 450 ಅಂತ ಹೇಗೆ ಹೇಳ್ತೀಯ?" ಅಂತ ಕೇಳಿದರೆ ಏನು ಹೇಳಲಿ?

ಲ್ಯಾಬ್ ಹುಡುಗ:
ಒಂದೇ ಮಾತು. ಸ್ಲೈಡ್ ನುಡಿ ಫಾಂಟಿನಲ್ಲಿದ್ದರೆ ಯುನಿಕೋಡ್‌ಗೆ ಬದಲಾಯಿಸಿ, ಪಿಡಿಎಫ್ ಕೂಡ ಇಟ್ಟುಕೊಳ್ಳಿ. ವಿಭಾಗದ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡವೆಲ್ಲ ಕಲಸುಮೇಲೋಗರ ಆಗುತ್ತದೆ.

ಶಾಸನದ ಮೇಡಂ:
ನೋಡಮ್ಮ, ಆ 9 ಸ್ಲೈಡ್ ತೆಗೆದುಬಿಡು. ಕೂತವರಿಗೆ ಅದು ಗೊತ್ತು. ಕಲ್ಲಿನಲ್ಲಿ ಬರುವ ಕದಂಬ ರಾಜ ಕಾಕುಸ್ಥನ ಹೆಸರೊಂದು ಸಾಕು.

ಮೊದಲು ಕಲ್ಲಿನ ಫೋಟೋ ತೋರಿಸು. 16 ಸಾಲಿನಲ್ಲಿ ಒಂದೇ ಪದಕ್ಕೆ ಬೆರಳಿಡು: ಪಲ್ಮಡಿ. ಹಳಗನ್ನಡದ 'ಪ' ಮುಂದೆ 'ಹ' ಆಯ್ತು: ಪಾಲು ಹಾಲಾಯ್ತು, ಪೂವು ಹೂವಾಯ್ತು, ಪಲ್ಮಡಿ ಹಲ್ಮಿಡಿ ಆಯ್ತು. ಕಲ್ಲಿನಲ್ಲಿ ಊರು ತನ್ನ ಹಳೆಯ ಹೆಸರನ್ನೇ ಹೇಳುತ್ತಿದೆ, ಅಲ್ವಾ? ಇದನ್ನು ನೀನು ಓದಬೇಕಾಗಿಲ್ಲ, ಹೇಳಬಹುದು.

ಆಮೇಲೆ 'ಬಾಳ್ಗಳ್ಚು'. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆ. ಯುದ್ಧದಲ್ಲಿ ಕಾದಾಡಿದ ವಿಜ ಅರಸನಿಗೆ ಕತ್ತಿ ತೊಳೆದು ಕೊಟ್ಟ ದತ್ತಿ: ಪಲ್ಮಡಿ, ಮೂಳಿವಳ್ಳಿ, ಎರಡು ಊರು. ಇಲ್ಲಿ ಎರಡು ನಿಮಿಷ ನಿಲ್ಲು, ಅವಸರ ಬೇಡ. ನನಗೆ ಇಡೀ ಶಾಸನದಲ್ಲಿ ತುಂಬಾ ಇಷ್ಟವಾದ ಪದ ಇದು.

ಕಾಲದ ಪ್ರಶ್ನೆ ಬಂದೇ ಬರುತ್ತದೆ. ಕಲ್ಲಿನಲ್ಲಿ ಶಕವರ್ಷ ಇಲ್ಲ. ಲಿಪಿಯ ರೂಪ, ಭಾಷೆ, ಕದಂಬ ಕಾಕುಸ್ಥನ ಹೆಸರು ನೋಡಿ ಕಾಲ ಹೇಳಿದ್ದಾರೆ. 1936ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಇದನ್ನು ಬೆಳಕಿಗೆ ತಂದಾಗಿನಿಂದ ಚರ್ಚೆ ನಡೆದೇ ಇದೆ. "ಸುಮಾರು 450" ಅನ್ನು, ಆ 'ಸುಮಾರು' ಬಿಡಬೇಡ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಸಿಕ್ಕ ಕನ್ನಡ ಶಾಸನ ಇನ್ನೂ ಹಳೆಯದು ಎಂಬ ವಾದ ಇರುವುದರಿಂದ 'ಕನ್ನಡದ ಮೊದಲ ಶಾಸನ' ಅಂತ ಗಟ್ಟಿಯಾಗಿ ಹೇಳಬೇಡ.

ಮೊದಲ ಮೂರು ವಾಕ್ಯ ಮಾತ್ರ ಬಾಯಿಪಾಠ ಮಾಡು. ಉಳಿದದ್ದಕ್ಕೆ ಚೀಟಿಯಲ್ಲಿ ಐದು ಪದ ಬರೆದುಕೋ. ನಿಂತುಕೊಂಡೇ ಅಭ್ಯಾಸ ಮಾಡು, ಕೂತಲ್ಲ. ನೀರಿನ ಬಾಟಲಿ ಮೇಜಿನ ಮೇಲಿರಲಿ.

ಬೇಲೂರು ಕಡೆಯವಳು:
ಮೇಡಂ, ತುಂಬಾ ಥ್ಯಾಂಕ್ಸ್. ಈಗ 11 ಸ್ಲೈಡ್, 14 ನಿಮಿಷ. ರಾತ್ರಿ ಫೋನಿನಲ್ಲಿ ಅಜ್ಜಿಗೆ ಪೂರ್ತಿ ಹೇಳಿದೆ. ವಂಶಾವಳಿ ಇದ್ದಾಗ ನಿದ್ದೆ ಹೋಗಿದ್ದರು. ಈ ಸಲ "ಕತ್ತಿ ಯಾರು ತೊಳೆದರು, ರಾಜನೇನಾ?" ಅಂತ ಕೇಳಿದರು. ಇದನ್ನು ಗುರುವಾರ ಯಾರಾದರೂ ಕೇಳಿದರೆ ಏನು ಹೇಳಲಿ ಮೇಡಂ?