ತೋಳಿನ ಚರ್ಮ ತೆಗೆದ ಆಪರೇಷನ್: ಕಂಕುಳ ಹತ್ತಿರ ಹೊಲಿಗೆ ಬಿಟ್ಟಿದೆ, ಮತ್ತೆ ಹೊಲಿಸಬೇಕಾ?

ಮನೆ ಡ್ರೆಸಿಂಗ್, ಮಂಡ್ಯ

ಮನೆಗಳಿಗೆ ಹೋಗಿ ಡ್ರೆಸಿಂಗ್ ಮಾಡುವ ಸ್ಟಾಫ್ ನರ್ಸ್ ನಾನು. ಒಂದು ಕೇಸಿನ ಬಗ್ಗೆ ತಿಳಿದವರು ಹೇಳಿ.

ಹೆಂಗಸು, ನಲವತ್ತು ದಾಟಿದವರು, ತೂಕ 60 ಕೆಜಿ. ಬ್ಯಾರಿಯಾಟ್ರಿಕ್ (ತೂಕ ಇಳಿಸಲು ಹೊಟ್ಟೆ ಚಿಕ್ಕದು ಮಾಡುವ) ಆಪರೇಷನ್ ಆಗಿ ತೂಕ ಇಳಿದ ಮೇಲೆ ಜೋತುಬಿದ್ದ ತೋಳಿನ ಚರ್ಮವನ್ನು ಬೆಂಗಳೂರಿನಲ್ಲಿ ತೆಗೆಸಿದ್ದಾರೆ. ಇವತ್ತಿಗೆ 17ನೇ ದಿನ. ಬಲತೋಳು ಚೆನ್ನಾಗಿ ಕೂಡಿಕೊಂಡಿದೆ. ಎಡಗಡೆ ಕಂಕುಳ ಹತ್ತಿರ, ಹೊಲಿಗೆ ಗೆರೆ ತಿರುಗುವ ಜಾಗದಲ್ಲಿ ಬಾಯಿ ಬಿಟ್ಟಿದೆ: ಉದ್ದ 3 ಸೆಂ.ಮೀ., ಅಗಲ 1, ಆಳ ಸುಮಾರು 1. ತಳದಲ್ಲಿ ಹಳದಿ ಪದರ, ಒರೆಸಿದರೆ ಬರುವುದಿಲ್ಲ. ವಾಸನೆ ಇಲ್ಲ, ಜ್ವರ ಇಲ್ಲ. ದಿನಕ್ಕೆ ಎರಡು ಪ್ಯಾಡ್ ತೊಯ್ಯುವಷ್ಟು ನೀರು ಬರುತ್ತೆ. ಶುಗರ್ ಇದೆ, ಮೆಟ್‌ಫಾರ್ಮಿನ್ ತಗೋತಾರೆ.

ಹತ್ತಿರದ ಕ್ಲಿನಿಕ್ಕಿನಲ್ಲಿ ಇನ್ನು ನಾಲ್ಕು ಹೊಲಿಗೆ ಹಾಕಿದರೆ ಮುಗೀತು ಅಂದಿದ್ದಾರೆ. ಮನೆಯವರು ನಿಯೋಸ್ಪೋರಿನ್ ಪೌಡರ್ ಉದುರಿಸ್ತಿದ್ದಾರೆ. ನಂಜಾಗುತ್ತೆ ಅಂತ ಮೊಟ್ಟೆ, ಮೊಸರು, ಬದನೆಕಾಯಿ ಎಲ್ಲ ನಿಲ್ಲಿಸಿ ಬರೀ ಅನ್ನ, ತಿಳಿಸಾರು ಕೊಡ್ತಿದ್ದಾರೆ. ಹೊಲಿಸಬೇಕಾ? ಊತ ಇಳಿಯಲು ತೋಳಿಗೆ ಹಾಕಿರುವ ಬಿಗಿ ಬಟ್ಟೆ, ಪ್ರೆಷರ್ ಗಾರ್ಮೆಂಟ್, ಮುಂದುವರಿಸಬೇಕಾ?

ಪ್ಲಾಸ್ಟಿಕ್ ಸರ್ಜನ್, ಮೈಸೂರು

ಹೊಲಿಸಬೇಡಿ ಸಿಸ್ಟರ್. ಹೊಲಿಗೆ ಬಿಟ್ಟು ಒಂದೆರಡು ದಿನದೊಳಗೆ, ಗಾಯ ಶುದ್ಧವಾಗಿದ್ದರೆ, ಆಪರೇಷನ್ ಮಾಡಿದವರೇ ಓಟಿಯಲ್ಲಿ ಮತ್ತೆ ಮುಚ್ಚುವುದುಂಟು. 17ನೇ ದಿನ ಆ ಮಾತಿಲ್ಲ. ಅಂಚು ಊದಿಕೊಂಡು ಮೆತ್ತಗಾಗಿರುತ್ತೆ, ದಾರ ಹಾಕಿ ಎಳೆದರೆ ಚರ್ಮವನ್ನೇ ಕೊಯ್ದುಕೊಂಡು ಬರುತ್ತೆ. ಒಳಗಿರುವ ಬ್ಯಾಕ್ಟೀರಿಯಾ ಒಳಗೇ ಉಳಿದು ಕೀವು ಕಟ್ಟುತ್ತೆ. ಮೊದಲ ಸಲ ಬಿಟ್ಟುಕೊಳ್ಳುವುದಕ್ಕೆ ಯಾವ ಎಳೆತ ಕಾರಣವೋ ಅದು ಈಗಲೂ ಅಲ್ಲೇ ಇದೆ. ನೀವು ಹೇಳಿದ ಅಳತೆಯ ಗಾಯ ಡ್ರೆಸಿಂಗ್‌ನಲ್ಲೇ 3ರಿಂದ 6 ವಾರದಲ್ಲಿ ತಳದಿಂದ ತುಂಬಿಕೊಂಡು ಬರುತ್ತೆ. ಗುರುತು ಅಗಲವಾಗಿ ಉಳಿದರೆ 6 ತಿಂಗಳಿಂದ ಒಂದು ವರ್ಷದ ನಂತರ, ಚರ್ಮ ಮೆತ್ತಗಾದ ಮೇಲೆ ಲೋಕಲ್ ಅನಸ್ತೀಸಿಯಾದಲ್ಲಿ ತಿದ್ದಬಹುದು.

ಈ ಆಪರೇಷನ್‌ನಲ್ಲಿ ಬಿಡುವ ಜಾಗ ಹೆಚ್ಚಾಗಿ ಅದೇ. ತೋಳುದ್ದದ ಗೆರೆ ಕಂಕುಳಲ್ಲಿ ತಿರುಗುವಾಗ ಚರ್ಮದ ಎರಡು ಮೂರು ತುದಿಗಳು ಒಂದೇ ಕಡೆ ಸೇರುತ್ತವೆ. ತುದಿಗೆ ರಕ್ತ ಕೊನೆಯಲ್ಲಿ ತಲುಪುವುದು. ಅದರ ಮೇಲೆ ಬೆವರು, ಉಜ್ಜಾಟ, ಕೈ ಎತ್ತಿದಾಗಲೆಲ್ಲ ಎಳೆತ. ಮೂರನೇ ವಾರದಲ್ಲಿ ಕೂಡಿದ ಚರ್ಮಕ್ಕೆ ಮಾಮೂಲಿ ಚರ್ಮದ ಐದನೇ ಒಂದು ಭಾಗದಷ್ಟು ಬಲವೂ ಇರುವುದು ಕಷ್ಟ. ನೋವು ಕಡಿಮೆಯಾಗಿ ಹೆಂಗಸರು ಅಡುಗೆಮನೆಗೆ ಇಳಿಯುವುದೂ ಅದೇ ವಾರ. ಮುದ್ದೆ ತಿರುವುವುದು, ಕುಕ್ಕರ್ ಎತ್ತುವುದು, ಬಟ್ಟೆ ಹರವುವುದು, ತಲೆ ಹಿಂದೆ ಕೈ ಹಾಕಿ ಜಡೆ ಹೆಣೆಯುವುದು, ಇವಿಷ್ಟೂ ಕಂಕುಳನ್ನೇ ಎಳೆಯುವ ಕೆಲಸ. ಗಾಯ ಮುಚ್ಚುವ ತನಕ ಎಡಗೈ ಭುಜದ ಮಟ್ಟಕ್ಕಿಂತ ಮೇಲೆ ಹೋಗಬಾರದು, 2 ಕೆಜಿ ಮೀರಿದ್ದು ಎತ್ತಬಾರದು. ಹಾಗಂತ ಕೈಯನ್ನು ಪಕ್ಕೆಗೆ ಅಂಟಿಸಿ ಕೂರಿಸಲೂಬೇಡಿ. ಭುಜ ಹಿಡಿದುಕೊಳ್ಳುತ್ತೆ, ಕಂಕುಳಲ್ಲಿ ಗಾಳಿ ಆಡುವುದಿಲ್ಲ. ಮೊಣಕೈ, ಮಣಿಕಟ್ಟು ಆಡಿಸುತ್ತಿರಲಿ, ಮಲಗುವಾಗ ತೋಳನ್ನು ದಿಂಬಿನ ಮೇಲೆ ಸ್ವಲ್ಪ ಅಗಲಿಸಿ ಇಡಲಿ.

ಹಳದಿ ಪದರ ಅಂದಕೂಡಲೇ ಕೀವು ಅಂದುಕೊಳ್ಳಬೇಡಿ. ಅಂಟಿಕೊಂಡಿರುವುದು ಸ್ಲಫ್, ಸತ್ತ ಕೊಬ್ಬು ಮತ್ತು ಫೈಬ್ರಿನ್ ಎಂಬ ನಾರಿನಂಥ ಪ್ರೋಟೀನ್. ಕೀವು ಹರಿಯುತ್ತೆ, ಸ್ಲಫ್ ಹರಿಯುವುದಿಲ್ಲ. ತೇವದ ಡ್ರೆಸಿಂಗ್‌ನಲ್ಲಿ ತಾನಾಗಿ ಬಿಡುತ್ತೆ, ಬಿಡದಿದ್ದರೆ ಸರ್ಜನ್ ಕತ್ತರಿಸಿ ತೆಗೆಯಬೇಕು.

ಒಂದು ಪರೀಕ್ಷೆ ಇವತ್ತೇ ಮಾಡಿ. ಗಾಯದಿಂದ ಒಂದು ಗೇಣು ಕೆಳಗೆ, ಮೊಣಕೈ ಕಡೆಯಿಂದ, ಅಂಗೈಯಲ್ಲಿ ಮೆಲ್ಲಗೆ ಒತ್ತುತ್ತ ಕಂಕುಳ ಕಡೆ ಬನ್ನಿ. ತೆಳು ಹಳದಿ ನೀರು ಉಕ್ಕಿದರೆ ಒಳಗೆ ಸೆರೋಮಾ, ಅಂದರೆ ಚರ್ಮದ ಕೆಳಗೆ ನಿಂತ ನೀರು, ಇದೆ. 3 ಸೆಂ.ಮೀ. ಗಾಯಕ್ಕೆ ದಿನಕ್ಕೆ ಎರಡು ಪ್ಯಾಡ್ ಹೆಚ್ಚಾಯಿತು, ನನಗೆ ಅನುಮಾನ ಅದರ ಮೇಲೇ.

ಆಸ್ಪತ್ರೆಗೆ ಆ ಗಂಟೆಯೇ ಹೊರಡಬೇಕಾದ ಲಕ್ಷಣಗಳು ಬೇರೆ. ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದಿಡಿ, ಕೆಲವು ಗಂಟೆಯಲ್ಲಿ ಗೆರೆ ದಾಟಿದರೆ; ಗಾಯ ಚಿಕ್ಕದಿದ್ದು ನೋವು ತಡೆಯಲಾಗದಷ್ಟಿದ್ದರೆ; ಚರ್ಮ ನೇರಳೆ ಅಥವಾ ಕಪ್ಪಗಾದರೆ, ನೀರುಗುಳ್ಳೆ ಎದ್ದರೆ, ಒತ್ತಿದಾಗ ಚರಚರ ಅಂದರೆ; ಜ್ವರ 100.4 ಡಿಗ್ರಿ ದಾಟಿ ಚಳಿ ಬಂದರೆ. ಇಡೀ ಕೈ ಒಮ್ಮೆಲೇ ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಅದು ರಕ್ತ ಹೆಪ್ಪುಗಟ್ಟಿದ ಸೂಚನೆ ಇರಬಹುದು. ಆಗ ಬೆಂಗಳೂರಿನ ಡಾಕ್ಟರಿಗೆ ಫೋಟೋ ಕಳಿಸಿ ಉತ್ತರಕ್ಕೆ ಕಾಯಬೇಡಿ. ಮಂಡ್ಯದ ಮಿಮ್ಸ್ ಆಸ್ಪತ್ರೆಯಾಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ, ಹತ್ತಿರದ್ದಕ್ಕೆ 108ರಲ್ಲಿ ಹೊರಡಿ. ಉಳಿದ ಎಲ್ಲಕ್ಕೂ ಆಪರೇಷನ್ ಮಾಡಿದವರಿಗೆ ಇವತ್ತೇ ತಿಳಿಸಿ, ಅವರ ಕೈ ಕೆಲಸ ಒಳಗೆ ಹೇಗಿದೆ ಅಂತ ಗೊತ್ತಿರುವುದು ಅವರಿಗೇ.

ಗಾಯದ ಆರೈಕೆ ಸಿಸ್ಟರ್, ಮೈಸೂರು

ಮೊದಲು ಪೌಡರ್ ನಿಲ್ಲಿಸಿ. ಗಾಯದ ನೀರಿಗೆ ಸೇರಿ ಗಟ್ಟಿ ಹಕ್ಕಳೆಯಾಗುತ್ತೆ, ಅದರ ಕೆಳಗೆ ನೀರು ನಿಲ್ಲುತ್ತೆ. ಅದರಲ್ಲಿರುವ ನಿಯೋಮೈಸಿನ್ ಕೆಲವರಿಗೆ ಅಲರ್ಜಿ, ಸುತ್ತ ಕೆಂಪಗಾಗಿ ತುರಿಸುತ್ತೆ, ನೋಡಿದವರು ಇನ್ಫೆಕ್ಷನ್ ಅಂತ ಆಂಟಿಬಯೋಟಿಕ್ ಬರೆಯುತ್ತಾರೆ. ಅದರ ಬದಲು ಸೋಫ್ರಾಮೈಸಿನ್ ಹಚ್ಚಿದರೆ ಪ್ರಯೋಜನ ಇಲ್ಲ, ಅದೂ ಅದೇ ಜಾತಿಯ ಔಷಧಿ. ತುರಿಕೆ ಮುಂದಿದ್ದರೆ ಅಲರ್ಜಿ, ನೋವು ಮತ್ತು ಬಿಸಿ ಮುಂದಿದ್ದರೆ ಇನ್ಫೆಕ್ಷನ್, ಸಾಮಾನ್ಯವಾಗಿ. ಹೈಡ್ರೋಜನ್ ಪೆರಾಕ್ಸೈಡ್, ನೀರು ಬೆರೆಸದ ಬೆಟಾಡಿನ್, ಅರಿಶಿನ, ಕೊಬ್ಬರಿ ಎಣ್ಣೆ ಯಾವುದೂ ಗಾಯದೊಳಗೆ ಬೇಡ. ಹೊಸದಾಗಿ ಬೆಳೆಯುವ ಮಾಂಸವನ್ನೂ ಪೆರಾಕ್ಸೈಡ್ ಸುಡುತ್ತೆ.

ತೊಳೆಯುವುದಕ್ಕೆ ನಾರ್ಮಲ್ ಸಲೈನ್ ಸಾಕು. 20 ಎಂಎಲ್ ಸಿರಿಂಜಿಗೆ ಸೂಜಿ ತೆಗೆದ 18 ನಂಬರ್ ಕ್ಯಾನುಲಾ ಸಿಕ್ಕಿಸಿ, ನೀರು ತಿಳಿಯಾಗಿ ಬರುವ ತನಕ ತೊಳೆಯಿರಿ, 100 ಎಂಎಲ್ ಆದರೂ ಬೇಕು. ಒಡೆದ ಬಾಟಲಿ 24 ಗಂಟೆ ಮೀರಿ ಇಟ್ಟುಕೊಳ್ಳಬೇಡಿ. ಆಮೇಲೆ ಸ್ಟೆರೈಲ್ ಹತ್ತಿ ಕಡ್ಡಿಯಿಂದ ಒತ್ತದೆ ಆಳ ನೋಡಿ. ಚರ್ಮದ ಕೆಳಗೆ ಕಡ್ಡಿ ಪಕ್ಕಕ್ಕೆ ಸರಿದರೆ ಎಷ್ಟು ಸೆಂ.ಮೀ., ಗಡಿಯಾರದ ಎಷ್ಟು ಗಂಟೆಯ ದಿಕ್ಕು ಅಂತ ಬರೆದಿಡಿ. ಮೇಲಿನ ಬಾಯಿ ಮೊದಲೇ ಮುಚ್ಚಿ ಒಳಗೆ ಪೊಳ್ಳು ಉಳಿಯುವುದು ಕಂಕುಳಲ್ಲಿ ಹೆಚ್ಚು.

ತುಂಬುವುದಕ್ಕೆ ರಿಬ್ಬನ್ ಗಾಜ್, ಒಂದೇ ತುಂಡು. ಸಲೈನ್‌ನಲ್ಲಿ ಅದ್ದಿ ಹಿಂಡಿ, ಸಡಿಲವಾಗಿ ಬಿಟ್ಟು ಬಾಲ ಹೊರಗಿರಲಿ. ತುರುಕಿದರೆ ಗಾಯದ ಗೋಡೆಗೆ ಬರುವ ರಕ್ತವನ್ನೇ ಒತ್ತಿ ನಿಲ್ಲಿಸಿದ ಹಾಗೆ. ನೀರು ಹೆಚ್ಚಿರುವಾಗ ಅದನ್ನು ಹೀರಿಕೊಳ್ಳುವ ಆಲ್ಜಿನೇಟ್ ಡ್ರೆಸಿಂಗ್ ಇನ್ನೂ ಒಳ್ಳೆಯದು, ದುಬಾರಿಯಾದರೂ ದಿನ ಬಿಟ್ಟು ದಿನ ಬದಲಿಸಿದರೆ ನಡೆಯುತ್ತೆ. ಸುತ್ತಲಿನ ಚರ್ಮಕ್ಕೆ ಜಿಂಕ್ ಆಕ್ಸೈಡ್ ತೆಳುವಾಗಿ ಸವರಿ. ಇಲ್ಲದಿದ್ದರೆ ಹೊತ್ತುಗಟ್ಟಲೆ ಬಟ್ಟೆ ಒಗೆದ ಕೈ ಹಾಗೆ ಬೆಳ್ಳಗೆ ನೆನೆದು, ಗಾಯ ಅಂಚಿನಿಂದ ಹಿಗ್ಗುತ್ತೆ. ಗಾಜ್ ಒಣಗಿ ಅಂಟಿದ್ದರೆ ನೆನೆಸಿ ತೆಗೆಯಿರಿ, ಕಿತ್ತರೆ ಹೊಸ ಮಾಂಸವೂ ಬರುತ್ತೆ.

ಮೈಕ್ರೋಪೋರನ್ನು ತೋಳಿನ ಸುತ್ತ ಬಳೆಯಂತೆ ಸುತ್ತಲೇಬೇಡಿ. ರಾತ್ರಿ ಊತ ಏರಿದಾಗ ಅದೇ ಬಿಗಿಯುತ್ತೆ. ಉದ್ದುದ್ದ ಅಂಟಿಸಿ, ಮೇಲೆ ಸಡಿಲ ನೆಟ್ ಬ್ಯಾಂಡೇಜ್ ಹಾಕಿ. ಗಾರ್ಮೆಂಟಿನ ವಿಷಯಕ್ಕೆ ಬಂದರೆ, ಅದರ ಕಂಕುಳ ಹೊಲಿಗೆ ಗಾಯಕ್ಕೇ ಉಜ್ಜುತ್ತಿರುತ್ತೆ. ಸರ್ಜನ್ ಒಪ್ಪಿದರೆ ಕೆಲವು ದಿನ ಬಿಟ್ಟು, ಮಣಿಕಟ್ಟಿನಿಂದ ಮೇಲಕ್ಕೆ ಕ್ರೇಪ್ ಸುತ್ತಿ. ಬರೀ ರಟ್ಟೆಗೆ ಸುತ್ತಿದರೆ ಮುಂಗೈ ಊದುತ್ತೆ. ಉಗುರು ಒತ್ತಿ ಬಿಟ್ಟರೆ 2 ಸೆಕೆಂಡಿನಲ್ಲಿ ಕೆಂಪು ಮರಳಬೇಕು. ತೋಳು ಬಿಗಿಯುವ ರವಿಕೆ ಬೇಡ, ಮುಂದೆ ಗುಂಡಿ ಇರುವ ಸಡಿಲ ಹತ್ತಿ ನೈಟಿ ಸಾಕು.

ಬ್ಯಾಕ್ಟೀರಿಯಾ ಪರೀಕ್ಷೆಗೆ ಸ್ವಾಬ್ (ಹತ್ತಿ ಕಡ್ಡಿಯ ಸ್ಯಾಂಪಲ್) ಕಳಿಸುವುದಾದರೆ ತೊಳೆದ ಮೇಲೆ ಗಾಯದ ತಳ ಒತ್ತಿ ತೆಗೆಯಿರಿ. ಹಳದಿ ಪದರದಿಂದ ತೆಗೆದರೆ ಏನಾದರೂ ಒಂದು ಬೆಳೆದೇ ಬೆಳೆಯುತ್ತೆ, ರಿಪೋರ್ಟ್ ನೋಡಿ ಮನೆಯವರು ಹೆದರುತ್ತಾರೆ.

ಡಯಟೀಷಿಯನ್, ಮೈಸೂರು

ನಂಜಿನ ಹೆಸರಿನಲ್ಲಿ ಈ ಗಾಯವನ್ನು ಹಸಿವಿನಲ್ಲಿಟ್ಟಿದ್ದಾರೆ. ಮೊಟ್ಟೆ, ಮೊಸರಿನಿಂದ ಹೊಲಿಗೆ ಕೀವಾಗುವುದಿಲ್ಲ. ಗಾಯ ತುಂಬಲು ದಿನಕ್ಕೆ ಕೆಜಿಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, 60 ಕೆಜಿಯವರಿಗೆ 72ರಿಂದ 90 ಗ್ರಾಂ. ಅನ್ನ ತಿಳಿಸಾರಿನಲ್ಲಿ ಅದರ ಅರ್ಧವೂ ಸೇರುವುದಿಲ್ಲ. ಬ್ಯಾರಿಯಾಟ್ರಿಕ್ ಆದವರ ಹೊಟ್ಟೆ ಚಿಕ್ಕದು, ಆದ್ದರಿಂದ ತಟ್ಟೆಯಲ್ಲಿ ಪ್ರೋಟೀನ್ ಮೊದಲು, ಮುದ್ದೆ ಕೊನೆಗೆ. 3 ಮೊಟ್ಟೆಗೆ 18 ಗ್ರಾಂ, ಅರ್ಧ ಲೀಟರ್ ಹಾಲು ಮೊಸರಿಗೆ 16, ಒಣ ಹುರುಳಿ ಅಥವಾ ಹೆಸರುಕಾಳು 50 ಗ್ರಾಮಿಗೆ 11, ಪನೀರ್ 50 ಗ್ರಾಮಿಗೆ 9, ಒಂದು ಹಿಡಿ ಕಡಲೇಬೀಜಕ್ಕೆ 7. ಉಳಿದದ್ದು ರಾಗಿ, ಅನ್ನದಿಂದ. ಕೋಳಿ ತಿನ್ನುವವರಾದರೆ 100 ಗ್ರಾಮಿಗೆ 25 ಗ್ರಾಂ, ಲೆಕ್ಕ ಬೇಗ ತುಂಬುತ್ತೆ. ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬೇಡ, ಡಾಕ್ಟರನ್ನು ಕೇಳಿ.

ಬಸ್ಸಾರು ಮಾಡಿದ ದಿನ ಗಮನಿಸಿ. ರೋಗಿಗೆ ರಸ, ಮಿಕ್ಕವರಿಗೆ ಕಾಳಿನ ಪಲ್ಯ ಅಂತ ಬಡಿಸುತ್ತಾರೆ. ಪ್ರೋಟೀನ್ ಹೆಚ್ಚಿರುವುದು ಬಸಿದಿಟ್ಟ ಕಾಳಿನಲ್ಲಿ.

ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ಬಿ12, ವಿಟಮಿನ್ ಡಿ, ಸಾಧ್ಯವಾದರೆ ಜಿಂಕ್, ಜೊತೆಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಸರಾಸರಿ) ಮಾಡಿಸಿ. ಬ್ಯಾರಿಯಾಟ್ರಿಕ್ ಮತ್ತು ಮೆಟ್‌ಫಾರ್ಮಿನ್ ಎರಡೂ ಬಿ12 ಇಳಿಸುತ್ತವೆ, ಇವರಿಗೆ ಎರಡೂ ಇದೆ. ಐರನ್ ಮಾತ್ರೆ ಕಾಫಿಯ ಜೊತೆ ಬೇಡ, ಎರಡು ಗಂಟೆ ಅಂತರ ಇರಲಿ, ಕ್ಯಾಲ್ಸಿಯಂ ಜೊತೆಗೂ ಬೇಡ. ನಿಂಬೆ, ನೆಲ್ಲಿ, ಸೀಬೆ ಜೊತೆಗಿದ್ದರೆ ಒಳ್ಳೆಯದು. ಜಿಂಕ್ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ತಾಮ್ರದ ಕೊರತೆಯಾಗಬಹುದು, ರಿಪೋರ್ಟ್ ಇಲ್ಲದೆ ಶುರು ಮಾಡಬೇಡಿ.

ಇನ್ನೊಂದು, ಯಾರೂ ಬಾಯಿಬಿಟ್ಟು ಹೇಳದ್ದು: ಎಲೆ ಅಡಿಕೆ ಜೊತೆ ಹೊಗೆಸೊಪ್ಪು. ಬೀಡಿ ಸೇದುತ್ತೀರಾ ಅಂದರೆ ಇಲ್ಲ ಅನ್ನುತ್ತಾರೆ, ಅದು ನಿಜವೇ. ಆದರೆ ಹೊಗೆಸೊಪ್ಪಿನ ನಿಕೋಟಿನ್ ಕೂಡ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತೆ. ಎಲೆ ಹಾಕ್ತೀರಾ ಅಂತಲೇ ಕೇಳಿ.

ಮನೆ ಡ್ರೆಸಿಂಗ್, ಮಂಡ್ಯ

ಒತ್ತಿ ನೋಡಿದೆ ಸರ್. ಮೊಣಕೈ ಹತ್ತಿರದಿಂದ ಒತ್ತಿದಾಗ ತಿಳಿ ಹಳದಿ ನೀರು ಎರಡು ಮೂರು ಚಮಚೆಯಷ್ಟು ಬಂತು. ಎಲೆಗೆ ಹೊಗೆಸೊಪ್ಪು ಹಾಕೋದೂ ಹೌದು ಮೇಡಂ. ಇನ್ನೊಂದು, ಗಾಯದ ಅಂಚಿನಲ್ಲಿ ನೇರಳೆ ದಾರದ ತುದಿ ಕಾಣ್ತಿದೆ. ಎಳೆದು ತೆಗೀಲಾ?

ಪ್ಲಾಸ್ಟಿಕ್ ಸರ್ಜನ್, ಮೈಸೂರು

ಎಳೆಯಬೇಡಿ. ಒಳಪದರಕ್ಕೆ ಹಾಕಿದ ಕರಗುವ ದಾರ ಅದು. ಪಿಡಿಎಸ್ ಅನ್ನುವ ನಿಧಾನ ಕರಗುವ ದಾರವಾದರೆ ಪೂರ್ತಿ ಕರಗಲು ಆರು ತಿಂಗಳ ಮೇಲೆ ಬೇಕು. ಈಗೀಗ ಮುಳ್ಳು ದಾರ (ಗಂಟಿಲ್ಲದೆ, ಸಣ್ಣ ಮುಳ್ಳುಗಳಿಂದ ಚರ್ಮ ಹಿಡಿಯುವಂಥದ್ದು) ಬಳಸುವವರೂ ಇದ್ದಾರೆ, ಎಳೆದರೆ ಇಡೀ ಗೆರೆಯೇ ಸಡಿಲವಾಗಬಹುದು. ಹೊರಗೆ ಚಾಚಿದಷ್ಟನ್ನು ಸ್ಟೆರೈಲ್ ಕತ್ತರಿಯಲ್ಲಿ ಚರ್ಮಕ್ಕೆ ಸಮವಾಗಿ ಕತ್ತರಿಸಿ ಬಿಡಿ. ಮುಂದಿನ ಒಂದೆರಡು ತಿಂಗಳಲ್ಲಿ ಗೆರೆಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಮೊಡವೆಯಂಥ ಗುಳ್ಳೆ ಬಂದು ದಾರ ಹೊರಬರಬಹುದು, ಆಗ ಗಾಬರಿ ಬೇಡ ಅಂತ ಈಗಲೇ ಹೇಳಿಡಿ.

ಸೆರೋಮಾ ಖಚಿತವಾಯಿತು. ನೀರು ಹರಿಯುತ್ತಿರುವಷ್ಟು ದಿನ ಕಂಕುಳ ಬಾಯಿ ಮುಚ್ಚುವುದಿಲ್ಲ, ನೀವು ಎಷ್ಟು ಚೆನ್ನಾಗಿ ಡ್ರೆಸಿಂಗ್ ಮಾಡಿದರೂ. ಮನೆಯಲ್ಲಿ ಸೂಜಿ ಹಾಕಬೇಡಿ. ಒಳತೋಳಿನಲ್ಲಿ ಮುಂಗೈಗೆ ಸ್ಪರ್ಶ ಕೊಡುವ ನರ ಚರ್ಮದ ಹತ್ತಿರವೇ ಹಾದುಹೋಗುತ್ತೆ, ಬ್ಯಾಕ್ಟೀರಿಯಾವನ್ನು ಒಳಗೆ ಬಿಟ್ಟ ಹಾಗೂ ಆಗುತ್ತೆ. ಅಲ್ಟ್ರಾಸೌಂಡ್ ಮಾಡಿಸಿ, ಎಷ್ಟು ಉದ್ದಕ್ಕೆ ನಿಂತಿದೆ ನೋಡಿ ಸರ್ಜನ್ ಸೂಜಿಯಲ್ಲಿ ತೆಗೆಯುತ್ತಾರೆ ಅಥವಾ ಸಕ್ಷನ್ ಡ್ರೈನ್ (ನೀರನ್ನು ಹೀರಿ ಡಬ್ಬಿಗೆ ಸೇರಿಸುವ ಕೊಳವೆ) ಇಡುತ್ತಾರೆ. ಡ್ರೈನ್ ಇಟ್ಟರೆ ದಿನಾ ಒಂದೇ ಹೊತ್ತಿಗೆ ಅಳೆದು ಬರೆಯಿರಿ. ಸಾಮಾನ್ಯವಾಗಿ 24 ಗಂಟೆಗೆ 30 ಎಂಎಲ್‌ಗಿಂತ ಕೆಳಗೆ ಇಳಿದ ಮೇಲೆ ತೆಗೆಯುವುದು. ನೀರು ಕಲಕಿದ ಬಣ್ಣಕ್ಕೆ ತಿರುಗಿದರೆ, ವಾಸನೆ ಬಂದರೆ ಆ ದಿನವೇ ತಿಳಿಸಿ.

ಹೊಗೆಸೊಪ್ಪು ಇವತ್ತಿನಿಂದಲೇ ನಿಲ್ಲಲಿ, ಗಾಯ ಮುಚ್ಚಿದ ಮೇಲೂ ಕನಿಷ್ಠ 4 ವಾರ. ಶುಗರ್ ಊಟಕ್ಕೆ ಮುಂಚೆ 80ರಿಂದ 130, ಊಟವಾಗಿ ಎರಡು ಗಂಟೆಗೆ 180ರ ಒಳಗೆ ಬರಬೇಕು. ವಾರಕ್ಕೊಮ್ಮೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಅದೇ ಬೆಳಕಿನಲ್ಲಿ ಫೋಟೋ ತೆಗೆಯಿರಿ. ನೀರು ನಿಂತ ಮೇಲೂ ಎರಡು ವಾರದಲ್ಲಿ ಅಳತೆ ಇಳಿಯದಿದ್ದರೆ ಡ್ರೆಸಿಂಗ್ ಬದಲಿಸುತ್ತ ಕೂರಬೇಡಿ, ಕರೆದುಕೊಂಡು ಬನ್ನಿ. ಆಗ ಒಳಗೆ ಸತ್ತ ಕೊಬ್ಬಿದೆಯಾ ಅಂತ ನೋಡಿ, ಬೇಕಿದ್ದರೆ ವ್ಯಾಕ್ಯೂಮ್ ಡ್ರೆಸಿಂಗ್ (ಯಂತ್ರದಿಂದ ಗಾಯದ ನೀರು ಹೀರುವ ಡ್ರೆಸಿಂಗ್) ಹಾಕುತ್ತೇವೆ.

ಗಾಯದ ಆರೈಕೆ ಸಿಸ್ಟರ್, ಮೈಸೂರು

ಡ್ರೈನ್ ಇಟ್ಟರೆ ಕೊಳವೆ ರವಿಕೆಗೆ ಸಿಕ್ಕಿ ಎಳೆಯದಂತೆ ನೈಟಿಯ ಒಳಗಡೆ ಸೇಫ್ಟಿ ಪಿನ್ನಿಗೆ ತೂಗುಹಾಕಿ. ಡಬ್ಬಿ ಯಾವಾಗಲೂ ಗಾಯಕ್ಕಿಂತ ಕೆಳಗಿರಲಿ, ಖಾಲಿ ಮಾಡಿದ ಮೇಲೆ ಒತ್ತಿ ಗಾಳಿ ತೆಗೆದೇ ಮುಚ್ಚಳ ಹಾಕಿ.