ಗ್ರಾನೈಟ್‌ನಲ್ಲಿ ಕಾಣುವ ಹರಳು ಬಸಾಲ್ಟ್‌ನಲ್ಲಿ ಏಕೆ ಕಾಣುವುದಿಲ್ಲ?

ಪ್ರಶ್ನೆ:
ಗ್ರಾನೈಟ್ ಮತ್ತು ಬಸಾಲ್ಟ್ ಎರಡೂ ಶಿಲಾಪಾಕ ಆರಿ ಗಟ್ಟಿಯಾದ ಅಗ್ನಿಶಿಲೆಗಳೆಂದು ಓದಿದ್ದೇನೆ. ಆದರೆ ಎರಡರ ಚೂರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಂದರಲ್ಲಿ ಬಿಳಿ, ಗುಲಾಬಿ, ಕಪ್ಪು ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಇನ್ನೊಂದು ಇದ್ದಿಲಿನಂತೆ ಒಂದೇ ಸಮನೆ ಕಪ್ಪಾಗಿದೆ. ಇದಕ್ಕೆ ಕಾರಣವೇನು? ಕಲ್ಲಿನ ಬಳಕೆಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ 1:
ಹರಳಿನ ಗಾತ್ರವನ್ನು ಮುಖ್ಯವಾಗಿ ನಿರ್ಧರಿಸುವುದು ಪಾಕ ಆರುವ ವೇಗ. ಗ್ರಾನೈಟ್ ಆಗುವ ಪಾಕವು ಕಿಲೋಮೀಟರುಗಟ್ಟಲೆ ಆಳದಲ್ಲಿಯೇ ಉಳಿದು, ಸುತ್ತಲಿನ ಬಂಡೆ ಹೊದಿಕೆಯಂತೆ ಶಾಖವನ್ನು ಹಿಡಿದಿಡುವುದರಿಂದ, ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ವರ್ಷಗಳ ಕಾಲ ನಿಧಾನವಾಗಿ ತಣಿಯುತ್ತದೆ. ಅಷ್ಟು ಅವಧಿಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಇವೆಲ್ಲ ದಪ್ಪ ಹರಳುಗಳಾಗಿ ಬೆಳೆಯುತ್ತವೆ. ಬಸಾಲ್ಟ್ ಲಾವಾ ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೊರಕ್ಕೆ ಹರಿದು, ಗಾಳಿಗೋ ನೀರಿಗೋ ತಾಗಿ ಬೇಗನೆ ಗಟ್ಟಿಯಾಗುವುದರಿಂದ ಅದರ ಹರಳುಗಳು ಸೂಕ್ಷ್ಮದರ್ಶಕದಲ್ಲಿ ಮಾತ್ರ ಬಿಡಿಯಾಗಿ ಕಾಣುವಷ್ಟು ಚಿಕ್ಕವು. ಸಿಲಿಕಾ (ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ, ಬೆಣಚಿನ ಮೂಲವಸ್ತು) ಹೆಚ್ಚಿರುವ ಮಂದ ಲಾವಾ ತಟ್ಟನೆ ಆರಿದರೆ ಹರಳೇ ಕಟ್ಟದೆ ಅಬ್ಸಿಡಿಯನ್ ಎಂಬ ಗಾಜಾಗುತ್ತದೆ. ಅದೇ ಬಗೆಯ ಲಾವಾ ಅನಿಲದಿಂದ ನೊರೆಯುಕ್ಕಿ ಗಟ್ಟಿಯಾದರೆ ನೀರಿನ ಮೇಲೆ ತೇಲುವ ಪ್ಯೂಮಿಸ್ ಆಗುತ್ತದೆ.

ಉತ್ತರ 2:
ಮೇಲಿನ ಉತ್ತರ ಸರಿಯಾಗಿದೆ, ಆದರೆ ಬಣ್ಣದ ಮಾತು ಬೇರೆ. ಬಸಾಲ್ಟ್ ಕಪ್ಪಾಗಿರುವುದು ಬೇಗ ಆರಿದ್ದರಿಂದಲ್ಲ. ಅದರಲ್ಲಿ ಸಿಲಿಕಾ ಸುಮಾರು ಅರ್ಧದಷ್ಟೇ ಇದ್ದು, ಕಬ್ಬಿಣ ಮತ್ತು ಮೆಗ್ನೀಸಿಯಂ ಹೆಚ್ಚಾಗಿರುವ ಖನಿಜಗಳೇ ಅದಕ್ಕೆ ಕಾರಣ. ಅದೇ ಪಾಕ ಆಳದಲ್ಲಿ ನಿಧಾನವಾಗಿ ಆರಿದರೆ ದಪ್ಪ ಹರಳಿನ ಗ್ಯಾಬ್ರೊ ಆಗುತ್ತದೆ, ಆಗಲೂ ಬಣ್ಣ ಗಾಢವಾಗಿಯೇ ಇರುತ್ತದೆ. ಕಪ್ಪು ಗ್ರಾನೈಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಕಲ್ಲು ಬಹುಮಟ್ಟಿಗೆ ಗ್ಯಾಬ್ರೊ ಅಥವಾ ಡಾಲರೈಟ್ (ಅದೇ ಬಗೆಯ ಪಾಕದ, ಬಸಾಲ್ಟ್‌ಗೂ ಗ್ಯಾಬ್ರೊಗೂ ನಡುವಿನ ಗಾತ್ರದ ಹರಳಿನ ಕಲ್ಲು) ಆಗಿರುತ್ತದೆ. ಭೂಮಿಯ ಹೊರಪದರದ ಕೆಳಗೆಲ್ಲ ಪಾಕವೇ ತುಂಬಿದೆ ಎಂಬ ತಿಳಿವಳಿಕೆಯನ್ನೂ ಬಿಡಬೇಕು. ಹೊರಪದರದ ಕೆಳಗಿರುವ ಮ್ಯಾಂಟಲ್ ಎಂಬ ದಪ್ಪ ಪದರ ಬಹುತೇಕ ಘನವಾಗಿಯೇ ಇದ್ದು, ಒತ್ತಡ ತಗ್ಗಿದಲ್ಲಿ, ನೀರಿನಂಶ ಸೇರಿ ಕರಗುವ ಉಷ್ಣತೆ ಇಳಿದಲ್ಲಿ ಮಾತ್ರ ಭಾಗಶಃ ಕರಗುತ್ತದೆ.

ಉತ್ತರ 3:
ಬಳಕೆಯ ಪ್ರಶ್ನೆ ಹಾಗೆಯೇ ಉಳಿಯಿತು. ಸಂಬಂಧ ಖಂಡಿತ ಇದೆ. ಗ್ರಾನೈಟ್‌ನ ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಅದು ನೀರನ್ನು ಅಷ್ಟಾಗಿ ಹೀರದು, ಮೆರುಗನ್ನು ಚೆನ್ನಾಗಿ ಹಿಡಿಯುತ್ತದೆ. ಕಂಬಕ್ಕೂ ನೆಲಹಾಸಿಗೂ ಒದಗುತ್ತದೆ. ಬಸಾಲ್ಟ್ ಜಲ್ಲಿಯಾಗಿ ರಸ್ತೆಗೆ, ಕಾಂಕ್ರೀಟಿಗೆ, ರೈಲುಹಳಿಯ ಅಡಿಗೆ ಹೋಗುತ್ತದೆ. ಹರಳಿಲ್ಲದ ಅಬ್ಸಿಡಿಯನ್ ಗಾಜಿನಂತೆಯೇ ಚಕ್ಕೆಯೆದ್ದು ಬಲು ಹರಿತವಾದ ಅಂಚು ಕೊಡುವುದರಿಂದ, ಜನರು ಲೋಹವನ್ನು ಅರಿಯುವ ಮೊದಲೇ ಅದರಿಂದ ಅಲಗು ಮಾಡಿಕೊಂಡರು.

ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಈಜಿಪ್ಟಿನ ಅಸ್ವಾನ್ ಗಣಿಯದು. ಅಲ್ಲಿ ಸುಮಾರು 42 ಮೀಟರ್ ಉದ್ದದ ಗ್ರಾನೈಟ್ ಸ್ತಂಭವೊಂದನ್ನು ಬಂಡೆಯಿಂದ ಬಿಡಿಸಲು ಬಳಸಿದ್ದು ಇನ್ನೊಂದು ಅಗ್ನಿಶಿಲೆಯನ್ನೇ, ಅಂದರೆ ಗ್ರಾನೈಟ್‌ಗಿಂತ ನಯವಾದ ಹರಳಿನ, ಸುಲಭವಾಗಿ ಒಡೆಯದ ಡಾಲರೈಟ್ ಗುಂಡುಗಳನ್ನು. ಕೈಯಲ್ಲಿ ಗುಂಡು ಹಿಡಿದು ಕುಟ್ಟಿ ಕುಟ್ಟಿ ಗ್ರಾನೈಟನ್ನು ಪುಡಿ ಮಾಡುತ್ತಾ ಸ್ತಂಭದ ಸುತ್ತ ಕಂದಕ ತೋಡಿದರು. ನಡುವೆ ಬಿರುಕು ಕಾಣಿಸಿಕೊಂಡು ಕೆಲಸ ನಿಂತುಹೋಯಿತು. ಸ್ತಂಭದ ತಳ ಇಂದಿಗೂ ಬಂಡೆಗೆ ಅಂಟಿಕೊಂಡೇ ಇದೆ; ಕುಟ್ಟಿದ ತಗ್ಗುಗಳು ಕಂದಕದಲ್ಲಿ ಸಾಲುಸಾಲಾಗಿ ಉಳಿದಿವೆ.