ಠೇವಣಿ ಹಿಂದಿರುಗಿಸದ ಮನೆ ಮಾಲೀಕರ ಮೇಲೆ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ದಾವೆ

ಪ್ರಶ್ನೆ:
ಸನ್ನಿವೇಲ್‌ನ ಬಾಡಿಗೆ ಮನೆಯನ್ನು ನಾವು ಖಾಲಿ ಮಾಡಿ ಎರಡು ತಿಂಗಳಾದರೂ 3,200 ಡಾಲರ್ ಠೇವಣಿ ಮರಳಿ ಬಂದಿಲ್ಲ. ಬಣ್ಣ ಹೊಡೆಸಿದ ಖರ್ಚಿಗೆ ಸರಿಹೋಯಿತೆಂದು ಮಾಲೀಕರು ಫೋನಿನಲ್ಲಿ ಹೇಳಿದರೇ ಹೊರತು ಲೆಕ್ಕ ಕಳುಹಿಸಲಿಲ್ಲ. ಕೀಲಿ ಒಪ್ಪಿಸಿದ ದಿನ ಪ್ರತಿ ಕೋಣೆಯ ಫೋಟೊ ತೆಗೆದಿದ್ದೇನೆ. ದೇವರ ಪಟ ತೂಗುಹಾಕಿದ್ದ ಕಡೆ ಎರಡು ಮೊಳೆಯ ತೂತು ಬಿಟ್ಟರೆ ಗೋಡೆಗಳು ಚೊಕ್ಕಟವಾಗಿದ್ದವು. ವಕೀಲರಿಲ್ಲದೆ ದಾವೆ ಹೂಡಬಹುದೇ?

ಉತ್ತರ 1:
ಖಂಡಿತ ಹೂಡಬಹುದು. ಕ್ಯಾಲಿಫೋರ್ನಿಯಾದ ಕಾನೂನಿನಂತೆ, ಮನೆ ಬಿಟ್ಟ 21 ದಿನಗಳೊಳಗೆ ಮಾಲೀಕರು ಠೇವಣಿಯನ್ನು ಹಿಂದಿರುಗಿಸಬೇಕು, ಕಡಿತ ಮಾಡಿದ್ದರೆ ಅದರ ವಿವರವಾದ ಪಟ್ಟಿಯನ್ನೂ ಉಳಿದ ಹಣವನ್ನೂ ಕಳುಹಿಸಬೇಕು. ವ್ಯಕ್ತಿಗಳು ಹೂಡುವ 12,500 ಡಾಲರ್‌ವರೆಗಿನ ವ್ಯಾಜ್ಯಗಳು ಕೌಂಟಿಯ ಸುಪೀರಿಯರ್ ಕೋರ್ಟಿನ ಸ್ಮಾಲ್ ಕ್ಲೇಮ್ಸ್ (ಸಣ್ಣ ಮೊತ್ತದ ವ್ಯಾಜ್ಯಗಳ) ವಿಭಾಗಕ್ಕೆ ಬರುತ್ತವೆ. ಅಲ್ಲಿನ ವಿಚಾರಣೆಯಲ್ಲಿ ಸಾಮಾನ್ಯವಾಗಿ ವಕೀಲರು ವಾದಿಸುವಂತಿಲ್ಲ. ಮೊದಲು ಹಣ ಕೇಳಿ ಲಿಖಿತ ಪತ್ರ ಕಳುಹಿಸಿ, ಅದರ ಪ್ರತಿ ಇಟ್ಟುಕೊಂಡು, ನಂತರ ಎಸ್‌ಸಿ-100 ಅರ್ಜಿಯನ್ನು ಸಲ್ಲಿಸಿರಿ. ಶುಲ್ಕ ಸಾಮಾನ್ಯವಾಗಿ 30ರಿಂದ 75 ಡಾಲರ್. ಗೆದ್ದರೆ ಅದನ್ನೂ ಕೇಳಬಹುದು.

ಉತ್ತರ 2:
ಹೆಚ್ಚಿನವರು ಎಡವುವುದು ಅರ್ಜಿಯಲ್ಲಲ್ಲ, ನೋಟಿಸ್ ಜಾರಿಯಲ್ಲಿ, ಅಂದರೆ ದಾವೆಯ ಕಾಗದಗಳನ್ನು ಪ್ರತಿವಾದಿಗೆ (ಇಲ್ಲಿ ಮಾಲೀಕರಿಗೆ) ತಲುಪಿಸುವುದರಲ್ಲಿ. ನಾನೇ ಕಾಗದಗಳನ್ನು ಒಯ್ದು ಮಾಲೀಕರ ಕೈಗೆ ಕೊಟ್ಟಿದ್ದರಿಂದ ನನ್ನ ವಿಚಾರಣೆ ಮುಂದೂಡಲ್ಪಟ್ಟಿತು. ವಾದಿಯು ತಾನೇ ಜಾರಿ ಮಾಡುವಂತಿಲ್ಲ. ಪ್ರಕರಣಕ್ಕೆ ಸಂಬಂಧಿಸದ, 18 ವರ್ಷ ತುಂಬಿದ ಒಬ್ಬರು ಪ್ರತಿವಾದಿಗೆ ಖುದ್ದಾಗಿ ಕೊಟ್ಟು, ಹಾಗೆ ತಲುಪಿಸಿದ್ದಕ್ಕೆ ಪುರಾವೆಯಾದ ಎಸ್‌ಸಿ-104 ನಮೂನೆಗೆ ಸಹಿ ಹಾಕಬೇಕು. ಪ್ರತಿವಾದಿ ಅದೇ ಕೌಂಟಿಯಲ್ಲಿದ್ದರೆ ವಿಚಾರಣೆಗೆ ಕನಿಷ್ಠ 15 ದಿನ ಮೊದಲೇ ಇದು ಮುಗಿದಿರಬೇಕು.

ಉತ್ತರ 3:
ದುರುದ್ದೇಶದಿಂದ ಹಣ ಹಿಡಿದಿಟ್ಟದ್ದು ಸಾಬೀತಾದರೆ, ಠೇವಣಿಯ ಜೊತೆಗೆ ಅದರ ಎರಡು ಪಟ್ಟಿನವರೆಗೆ ಹೆಚ್ಚುವರಿ ಪರಿಹಾರ ಕೊಡಿಸಲು ನ್ಯಾಯಾಧೀಶರಿಗೆ ಅವಕಾಶವಿದೆ. ಆದರೆ ವಾದಿ ಸೋತರೆ ತನ್ನ ದಾವೆಯ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಫೋಟೊಗಳನ್ನು ದಿನಾಂಕ ಸಮೇತ ಮುದ್ರಿಸಿ, ಮೂರು ಪ್ರತಿ ಒಯ್ಯಿರಿ.